ಹಣೆಬರಹ, ಕೈಬರಹ

“ಕೊನೆಯ ಸಲ ಅವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ?”

ಡ್ಯೂಟಿ ಡಾಕ್ಟರ್ ಕೇಳಿದ್ದು ಇಷ್ಟೇ. ಕೈಯಲ್ಲಿ ಪೆನ್ನು, ಮುಂದೆ ಒಂದು ಫಾರಂ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಸ್ಟ್ರೆಚರ್ ಮೇಲೆ ಅಪ್ಪ ಮಲಗಿದ್ದರು. ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈ ಬೇರೆ ಯಾರದ್ದೋ ಎನ್ನುವ ಹಾಗೆ ಪಕ್ಕದಲ್ಲಿ ಬಿದ್ದಿತ್ತು.

ನನ್ನ ನಾಲಿಗೆಯ ತುದಿಗೆ ಬಂದ ಉತ್ತರ “ಹನ್ನೊಂದೂಮುಕ್ಕಾಲು”. ಅದು ನನಗೆ ಗಾಬರಿಯಾದ ಹೊತ್ತು, ಕಾಯಿಲೆ ಶುರುವಾದ ಹೊತ್ತಲ್ಲ. ಬೆಳಿಗ್ಗೆ ಏಳಕ್ಕೆ ಅಪ್ಪ ಚೆನ್ನಾಗಿಯೇ ಇದ್ದರು, ಪೇಪರ್ ಓದುತ್ತಿದ್ದರು. ಏಳೂಕಾಲಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರು. ಮೂರನೇ ಗುಂಡಿ ಕಾಜಾದೊಳಗೆ ಹೋಗುತ್ತಲೇ ಇರಲಿಲ್ಲ. ಮಾತು ಸ್ವಲ್ಪ ತೊದಲುತ್ತಿತ್ತು. “ರಾತ್ರಿ ನಿದ್ದೆ ಆಗಿಲ್ಲ ಅನ್ಸುತ್ತೆ ಅಪ್ಪ, ಸ್ವಲ್ಪ ಹೊತ್ತು ಮಲಗಿ” ಎಂದವನು ನಾನೇ. ಆ ಗುಂಡಿ ಹಾಕಿಕೊಟ್ಟವನೂ ನಾನೇ. ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು ಆನ್‌ಲೈನ್ ಮೀಟಿಂಗಿಗೆ ಕೂತೆ.

ಆ ಸುಳ್ಳು ಬಾಯಿಯವರೆಗೆ ಬಂತು. ಒಂದು ಕ್ಷಣ ನಿಂತಿತು. ವಾಪಸ್ ಹೋಯಿತು. “ಏಳಕ್ಕೆ ಸರಿಯಾಗಿದ್ರು ಡಾಕ್ಟ್ರೇ. ಏಳೂಕಾಲಿಗೆ ಇರಲಿಲ್ಲ” ಎಂದೆ. ಅವರು ಬರೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಪ್ಪನಿಗೆ ಆಗಿದ್ದು ಸ್ಟ್ರೋಕ್. ಲಕ್ವ ಅಂತಾರಲ್ಲ, ಅದೇ. ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿತ್ತು. ಅದನ್ನು ಕರಗಿಸಲು ಒಂದು ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತಡವಾದಷ್ಟೂ ಲಾಭ ಕಮ್ಮಿ, ಮಿದುಳಿನೊಳಗೆ ರಕ್ತಸ್ರಾವವಾಗುವ ಭಯ ಜಾಸ್ತಿ. ಅದಕ್ಕೇ ಆ ಪ್ರಶ್ನೆ. ನಾವು ಹೋದಾಗ ಐದೂವರೆ ಗಂಟೆ ಕಳೆದಿತ್ತು. ದೊಡ್ಡ ನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಿದ್ದಾರೆ. ಆ ಸಂಖ್ಯೆಯನ್ನು ನನ್ನ ಮೀಟಿಂಗಿನ ನಿಮಿಷಗಳಿಂದ ಗುಣಿಸಿ ನೋಡಿದ್ದೇನೆ. ಅಂಥ ಲೆಕ್ಕ ಯಾರೂ ಮಾಡಬಾರದು.

ಅಪ್ಪ ಮನೆಗೆ ಬಂದ ಮೇಲೆ ನೋಡಲು ಬಂದವರಲ್ಲಿ ಎರಡು ಪಂಗಡ. ಅತ್ತೆ ನನ್ನ ಬೆನ್ನು ಸವರಿ, “ಸುಮ್ನೆ ಕೊರಗಬೇಡ ಕಣೋ. ಅಣ್ಣನ ಹಣೇಲಿ ಬರೆದಿತ್ತು, ಆಯ್ತು. ನೀನೇನು ಮಾಡೋಕಾಗ್ತಿತ್ತು?” ಎಂದರು. ಇನ್ನೊಬ್ಬ ನೆಂಟರು ಕೂರುವ ಮೊದಲೇ, “ಬೇಗ ಕರ್ಕೊಂಡು ಹೋಗಬೇಕಿತ್ತಲ್ವಾ?” ಎಂದರು.

ಮೊದಲನೆಯದಕ್ಕೆ ಸಮಾಧಾನ, ಎರಡನೆಯದಕ್ಕೆ ಸಿಟ್ಟು ಬರಬೇಕಿತ್ತು. ಆ ಹೊತ್ತಿಗೆ ಹಾಗೇ ಆಯಿತು ಕೂಡ. ಆದರೆ ರಾತ್ರಿ ಮಲಗಿದಾಗ ಚುಚ್ಚಿದ್ದು ಅತ್ತೆಯ ಮಾತು. ಅವರು ನನ್ನ ತಪ್ಪನ್ನು ಒರೆಸಿ ಹಾಕಿದ್ದರು. ಒರೆಸುವ ಭರದಲ್ಲಿ ನನ್ನನ್ನೂ ಒರೆಸಿಬಿಟ್ಟಿದ್ದರು. ನೀನೇನು ಮಾಡೋಕಾಗ್ತಿತ್ತು ಎಂದರೆ, ಆ ಕೋಣೆಯಲ್ಲಿ ಒಂದು ಕುರ್ಚಿ ಇತ್ತು, ನೀನೂ ಇದ್ದೆ ಎಂದ ಹಾಗೆ. ನೆಂಟರ ಮಾತು ಕೆನ್ನೆಗೆ ಹೊಡೆದಂತಿತ್ತು, ನಿಜ. ಆದರೆ ಕುರ್ಚಿಗೆ ಯಾರೂ ಕೆನ್ನೆಗೆ ಹೊಡೆಯುವುದಿಲ್ಲ.

ಗಾದೆಗಳ ಹತ್ತಿರ ಹೋದರೆ ಪಂಚಾಯ್ತಿ ಮುಗಿಯುವುದಿಲ್ಲ. ಹಣೆಬರಹಕ್ಕೆ ಹೊಣೆ ಯಾರು ಎನ್ನುತ್ತವೆ. ಮಾಡಿದ್ದುಣ್ಣೋ ಮಹರಾಯ ಎಂದೂ ಎನ್ನುತ್ತವೆ. ಎರಡೂ ಒಂದೇ ಬಾಯಿಂದ, ಕೆಲವು ಸಲ ಒಂದೇ ದಿನ. ಯಾವುದನ್ನು ಯಾರಿಗೆ ಹೇಳಬೇಕು ಎನ್ನುವುದರಲ್ಲಿ ಮಾತ್ರ ನಾವು ಬಹಳ ಹುಷಾರು. ನಮ್ಮ ಮಗ ಫೇಲಾದರೆ ಹಣೆಬರಹ. ಪಕ್ಕದ ಮನೆಯವರ ಮಗ ಫೇಲಾದರೆ ಮಾಡಿದ್ದುಣ್ಣೋ.

ಆ ತಿಂಗಳುಗಳಲ್ಲಿ ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ವಿಧಿಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಓದುತ್ತ ಒಂದು ಕಡೆ ಬೆಚ್ಚಿಬಿದ್ದೆ. ಸುಮಾರು 2300 ವರ್ಷಗಳ ಹಿಂದೆ ಗ್ರೀಸಿನಲ್ಲಿ ಸ್ಟೋಯಿಕ್ ಎಂಬ ಪಂಥ ಹುಟ್ಟಿತು. ಎಲ್ಲವೂ ವಿಧಿಯ ಪ್ರಕಾರವೇ ನಡೆಯುತ್ತದೆ ಎನ್ನುವವರು ಅವರು. ಅವರನ್ನು ಸಿಕ್ಕಿಸಲು ಒಂದು ವಾದವಿತ್ತು. ಅದರ ಹೆಸರೇ ‘ಸೋಮಾರಿ ವಾದ’. ರೋಗ ವಾಸಿಯಾಗುತ್ತದೆ ಎಂದು ಬರೆದಿದ್ದರೆ ವೈದ್ಯರನ್ನು ಕರೆದರೂ ವಾಸಿ, ಕರೆಯದಿದ್ದರೂ ವಾಸಿ. ಆಗುವುದಿಲ್ಲ ಎಂದು ಬರೆದಿದ್ದರೆ ಕರೆದೂ ಉಪಯೋಗವಿಲ್ಲ. ಮತ್ತೆ ವೈದ್ಯರನ್ನು ಕರೆಯುವುದೇಕೆ?

ಲೋಕದಲ್ಲಿ ಇಷ್ಟು ಉದಾಹರಣೆಗಳಿರುವಾಗ ಇದೇ ಬೇಕಿತ್ತಾ ಅನ್ನಿಸಿತು.

ಆ ಪಂಥದ ಕ್ರಿಸಿಪ್ಪಸ್ ಎಂಬ ಜಾಣ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ವಾಸಿಯಾಗುವುದು ಬರೆದಿದ್ದರೆ, ವೈದ್ಯರನ್ನು ಕರೆಯುವುದೂ ಅದರ ಜೊತೆಯಲ್ಲೇ ಬರೆದಿರುತ್ತದೆ. ಮಗು ಹುಟ್ಟುತ್ತದೆ ಎಂದು ಬರೆದಿದ್ದರೆ ಗಂಡು ಹೆಣ್ಣು ಕೂಡುವುದೂ ಬರೆದೇ ಇರಬೇಕಲ್ಲ, ಹಾಗೆ. ಒಳ್ಳೆಯ ಉತ್ತರ. ಕೈಕಟ್ಟಿ ಕೂರುವವನಿಗೆ ವಿಧಿಯ ನೆಪ ಸಿಗದ ಹಾಗೆ ಮಾಡುತ್ತದೆ. ನನಗೆ ಮಾತ್ರ ಅದರಿಂದ ಏನೂ ಸಿಗಲಿಲ್ಲ. ಏಳೂಕಾಲಿಗೆ ನಾನು ವೈದ್ಯರನ್ನು ಕರೆಯುವ ಬದಲು ನಿದ್ದೆಯನ್ನು ಕರೆದೆ. ಅದೂ ಜೊತೆಯಲ್ಲೇ ಬರೆದಿತ್ತಾ?

ನಮ್ಮ ಕಡೆಯೇ ಇನ್ನೂ ಖಡಾಖಂಡಿತ ಮಾತಾಡಿದವರಿದ್ದರು. ಬುದ್ಧ, ಮಹಾವೀರರ ಕಾಲದಲ್ಲೇ ಇದ್ದ ಮಕ್ಖಲಿ ಗೋಸಾಲ ಮತ್ತು ಅವನ ಆಜೀವಿಕ ಪಂಥ. ಮನುಷ್ಯನ ಪ್ರಯತ್ನ ಎನ್ನುವುದೇ ಇಲ್ಲ, ಎಲ್ಲವೂ ನಿಯತಿ ಎನ್ನುವುದು ಅವನ ವಾದ. ಎಸೆದ ನೂಲಿನ ಉಂಡೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಉರುಳುತ್ತದಲ್ಲ, ಜೀವವೂ ಹಾಗೇ ತನ್ನ ಪಾಲಿನಷ್ಟು ಉರುಳಿ ಮುಗಿಯುತ್ತದಂತೆ. ಹುಚ್ಚು ಮಾತು ಎಂದು ತಳ್ಳಿಹಾಕುವ ಹಾಗಿಲ್ಲ. ಅಶೋಕ ಇವರಿಗಾಗಿಯೇ ಬರಾಬರ್ ಬೆಟ್ಟದಲ್ಲಿ ಗುಹೆಗಳನ್ನು ದಾನ ಕೊಟ್ಟಿದ್ದ.

ಈ ಪಂಥವನ್ನು ನಂಬಿದ್ದ ಒಬ್ಬ ಕುಂಬಾರನ ಕಥೆ ಜೈನ ಆಗಮಗಳಲ್ಲಿದೆ. ಹೆಸರು ಸದ್ದಾಲಪುತ್ತ. ಸಣ್ಣ ಆಸಾಮಿಯಲ್ಲ, 500 ಮಡಕೆ ಅಂಗಡಿಗಳ ಒಡೆಯ. ಒಂದು ದಿನ ಅವನು ಹಸಿ ಮಡಕೆಗಳನ್ನು ಬಿಸಿಲಿಗೆ ಇಡಿಸುತ್ತಿದ್ದಾಗ ಮಹಾವೀರ ಕೇಳುತ್ತಾನೆ, ಇವು ಹೇಗೆ ಆದವು? ಮಣ್ಣು ತಂದು, ನೀರು ಹಾಕಿ ಕಲಸಿ, ಬೂದಿ ಸಗಣಿ ಬೆರೆಸಿ, ತಿಗರಿಯ ಮೇಲಿಟ್ಟು ತಿರುಗಿಸಿದೆವು ಎನ್ನುತ್ತಾನೆ ಕುಂಬಾರ. ಹಾಗಾದರೆ ಪ್ರಯತ್ನದಿಂದ ಆದವೋ, ಪ್ರಯತ್ನವಿಲ್ಲದೆಯೋ? ಕುಂಬಾರ ತನ್ನ ಪಾಠ ಒಪ್ಪಿಸುತ್ತಾನೆ: ಪ್ರಯತ್ನ ಎನ್ನುವುದಿಲ್ಲ, ಎಲ್ಲವೂ ಮೊದಲೇ ನಿಶ್ಚಯ. ಸರಿ, ಯಾರೋ ಒಬ್ಬ ಬಂದು ಈ ಮಡಕೆಗಳನ್ನು ಕದ್ದರೆ, ಒಡೆದು ಹಾಕಿದರೆ, ನಿನ್ನ ಹೆಂಡತಿಯ ಮೇಲೆ ಕೈಹಾಕಿದರೆ ಏನು ಮಾಡುತ್ತೀಯ? ಬೈಯುತ್ತೇನೆ, ಹೊಡೆಯುತ್ತೇನೆ, ಕೊಂದೇಬಿಡುತ್ತೇನೆ! ಯಾಕಪ್ಪಾ, ನಿನ್ನ ಲೆಕ್ಕದಲ್ಲಿ ಅವನೇನೂ ಮಾಡಿಯೇ ಇಲ್ಲವಲ್ಲ?

ಮಡಕೆ ಮಾಡುವವರೆಗೆ ನಿಯತಿ, ಒಡೆದ ಮೇಲೆ ಮನುಷ್ಯ. ಕುಂಬಾರ ಸೋತು ಮಹಾವೀರನ ಕಡೆ ಬರುತ್ತಾನೆ. ವಾದ ಗೆದ್ದದ್ದಕ್ಕಿಂತ ಆ ಸಿಟ್ಟು ನನಗೆ ಮುಖ್ಯ ಅನ್ನಿಸಿತು. ತತ್ವ ಬಾಯಲ್ಲಿ ಒಂದಿರುತ್ತದೆ, ರಕ್ತ ಕುದಿಯುವಾಗ ಇನ್ನೊಂದು. ನನ್ನ ಫಜೀತಿ ಏನೆಂದರೆ ಮಡಕೆ ಒಡೆದವನೂ ನಾನೇ, ಬೈಯಬೇಕಾದವನೂ ನಾನೇ.

ನೆಂಟರ ಮಾತಿಗೆ ಬರುತ್ತೇನೆ. ಬೇಗ ಹೋಗಿದ್ದರೆ? ಇದಕ್ಕೆ ಉತ್ತರ ಸಿಗುವುದಿಲ್ಲ. ಆ ಇಂಜೆಕ್ಷನ್ ಕೂಡ ಎಲ್ಲರಿಗೂ ಕೆಲಸ ಮಾಡುವುದಿಲ್ಲ. 1961ರಲ್ಲಿ ಎಡ್ವರ್ಡ್ ಲೊರೆಂಜ್ ಎಂಬ ಹವಾಮಾನ ವಿಜ್ಞಾನಿ ಕಂಪ್ಯೂಟರಿನೊಳಗೆ ಒಂದು ಪುಟ್ಟ ಹವಾಮಾನ ಕಟ್ಟಿಕೊಂಡಿದ್ದರು. ಅಲ್ಲಿ ಎಲ್ಲವೂ ಸಮೀಕರಣದ ಪ್ರಕಾರವೇ, ಕೂದಲೆಳೆಯಷ್ಟೂ ಸ್ವಾತಂತ್ರ್ಯವಿಲ್ಲ. ಒಂದು ದಿನ ಅದನ್ನೇ ಮಧ್ಯದಿಂದ ಇನ್ನೊಮ್ಮೆ ಓಡಿಸಿದರು. ಕಂಪ್ಯೂಟರಿನಲ್ಲಿದ್ದ 0.506127 ಎಂಬ ಸಂಖ್ಯೆಯ ಬದಲು ಪ್ರಿಂಟಿನಲ್ಲಿದ್ದ 0.506 ಎಂದು ಟೈಪ್ ಮಾಡಿದ್ದರು. ಸ್ವಲ್ಪ ದೂರ ಎರಡೂ ಹವಾಮಾನ ಕೈಕೈ ಹಿಡಿದು ಹೋದವು. ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲ. ಎಲ್ಲ ನಿಶ್ಚಯವಾಗಿರುವ ಲೋಕದಲ್ಲೂ ಮುಂದೇನು ಎಂದು ಹೇಳುವುದು ಇಷ್ಟು ಕಷ್ಟ. ಹಣೆಯಲ್ಲಿ ಬರೆದೇ ಇದೆ ಎಂದುಕೊಳ್ಳಿ. ಓದುವುದು ಹೇಗೆ? ಕನ್ನಡಿ ಹಿಡಿದರೂ ಅಕ್ಷರ ತಿರುಗುಮುರುಗು.

ಇಂಜೆಕ್ಷನ್ನಿನ ಇತಿಹಾಸ ಹುಡುಕುವಾಗ ಇನ್ನೊಂದು ವಿಷಯ ಸಿಕ್ಕಿತು. ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅದರಿಂದ ಉಪಯೋಗವಿದೆ ಎಂದು ತೋರಿಸಿದ ದೊಡ್ಡ ಪ್ರಯೋಗದ ಫಲಿತಾಂಶ ಬಂದದ್ದು 1995ರಲ್ಲಿ. ಆಗ ಗಡುವು 3 ಗಂಟೆ. 2008ರಲ್ಲಿ ಇನ್ನೊಂದು ಪ್ರಯೋಗ ಅದನ್ನು ನಾಲ್ಕೂವರೆಗೆ ತಂದಿತು. ಅಂದರೆ ಅಜ್ಜನಿಗೆ ಹೀಗಾಗಿದ್ದರೆ, ಅದೇ ಬೆಳಿಗ್ಗೆ, ಅದೇ ಮೂರನೇ ಗುಂಡಿ, ಅದೇ ‘ಸ್ವಲ್ಪ ಮಲಗಿ’ ಎನ್ನುವ ಮಾತು, ಯಾರ ತಪ್ಪೂ ಆಗುತ್ತಿರಲಿಲ್ಲ. ಅತ್ತೆಯ ಮಾತು ಆಗ ಸೋಳಾಣೆ ನಿಜ. 2000ನೇ ಇಸವಿಯಲ್ಲಿ ನಾಲ್ಕನೇ ಗಂಟೆ ವಿಧಿಯದ್ದು. 2008ರ ನಂತರ ಅದೇ ನಾಲ್ಕನೇ ಗಂಟೆ ನಮ್ಮದು.

ಹೊಲದ ಬದು ಸರಿಸುತ್ತಾರಲ್ಲ, ಹಾಗೆ. ವಿಧಿಯ ಹೊಲದಿಂದ ಒಂದೂವರೆ ಗಂಟೆಯಷ್ಟು ಜಾಗ ನಮ್ಮ ಕಡೆಗೆ ಬಂತು. ಜಾಗ ಬಂದ ಮೇಲೆ ಅದರ ಕಂದಾಯ ಕಟ್ಟುವುದೂ ನಮ್ಮ ಪಾಲಿಗೇ. ನನ್ನ ಕೊರಗು ಆ ಕಂದಾಯ ಇರಬೇಕು. ಕಟ್ಟುವುದು ಬೇಡ ಎನ್ನುವುದಾದರೆ ಜಾಗವನ್ನೇ ವಾಪಸ್ ಬಿಟ್ಟುಕೊಡಬೇಕು. ನನಗೆ ಅದು ಇಷ್ಟವಿಲ್ಲ.

ಬದು ಈ ಕಡೆಗೇ ಸರಿಯುತ್ತದೆ ಎಂದೇನಿಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ತರಹ ಕೆಲಸ ಮಾಡುವ ಕೆಲವು ಮಾತ್ರೆಗಳಿವೆ. ಅವನ್ನು ತೆಗೆದುಕೊಳ್ಳುವ ಕೆಲವರಿಗೆ ಇದ್ದಕ್ಕಿದ್ದ ಹಾಗೆ ಜೂಜಿನ ಚಟ ಹತ್ತುತ್ತದೆ. ಜೀವನದಲ್ಲಿ ಇಸ್ಪೀಟು ಮುಟ್ಟದವರು ಉಳಿತಾಯವನ್ನೆಲ್ಲ ಕಳೆದುಕೊಳ್ಳುತ್ತಾರೆ. ಮಾತ್ರೆ ಕಮ್ಮಿ ಮಾಡಿದರೆ, ನಿಲ್ಲಿಸಿದರೆ, ಹೆಚ್ಚಿನವರಲ್ಲಿ ಚಟವೂ ಹೋಗುತ್ತದೆ. ಇದು ಗೊತ್ತಾಗುವ ಮೊದಲು ಅಂಥವರನ್ನು ಮನೆಯವರು ಏನೆಂದು ಬೈದಿರಬೇಕು, ಯೋಚಿಸಿ. ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿತು ಎಂದೇ ಅಲ್ವಾ? ಅವರೂ ‘ನಾನೇ ಆಡಿದೆ, ನನ್ನದೇ ತಪ್ಪು’ ಎಂದುಕೊಂಡಿರಬೇಕು. ಅವರ ಹೊಲದ ಒಂದು ತುಂಡು ಸದ್ದಿಲ್ಲದೆ ಆಚೆ ಹೋಗಿತ್ತು, ಅವರಿಗೇ ಗೊತ್ತಿರಲಿಲ್ಲ.

ಇದನ್ನು ಓದಿದ ಮೇಲೆ, ಫಾರಂ ಮುಂದೆ ವಾಪಸ್ ಹೋದ ನನ್ನ ಸುಳ್ಳಿನ ಬಗ್ಗೆಯೂ ಅನುಮಾನ ಬಂತು. ಅದನ್ನು ತಡೆದದ್ದು ನಾನೇನಾ? 1983ರಲ್ಲಿ ಬೆಂಜಮಿನ್ ಲಿಬೆಟ್ ಎಂಬ ವಿಜ್ಞಾನಿಯ ಒಂದು ಪ್ರಯೋಗ ಪ್ರಕಟವಾಯಿತು. ಮನಸ್ಸು ಬಂದಾಗ ಮಣಿಕಟ್ಟು ಅಲ್ಲಾಡಿಸಿ ಎಂದು ಹೇಳಿ, ಮುಂದೆ 2.56 ಸೆಕೆಂಡಿಗೆ ಒಂದು ಸುತ್ತು ಬರುವ ಚುಕ್ಕಿ ತೋರಿಸಿದರು. ಅಲ್ಲಾಡಿಸಬೇಕು ಅನ್ನಿಸಿದಾಗ ಚುಕ್ಕಿ ಎಲ್ಲಿತ್ತು ಎಂದು ಹೇಳಬೇಕು. ಅನ್ನಿಸಿದ್ದು ಕೈ ಆಡುವುದಕ್ಕೆ ಸುಮಾರು 200 ಮಿಲಿಸೆಕೆಂಡು ಮೊದಲು. ಮಿದುಳಿನ ತಯಾರಿ ಶುರುವಾಗಿದ್ದು ಸುಮಾರು 550 ಮಿಲಿಸೆಕೆಂಡು ಮೊದಲು. ‘ನಾನು ಮಾಡಿದೆ’ ಎನ್ನುವವನು ತಡವಾಗಿ ಬಂದವನು ಅಂತಾಯ್ತು. ಆದರೂ ಕೊನೆಯ ಆ ಚೂರು ಹೊತ್ತಿನಲ್ಲಿ ‘ಬೇಡ’ ಎಂದು ತಡೆಯಲು ಅವಕಾಶವಿದೆ ಎಂದು ಲಿಬೆಟ್ ನಂಬಿದ್ದರು. ಆ ತಯಾರಿ ನಿಜವಾಗಿ ತೀರ್ಮಾನವೇ ಅಲ್ಲ, ಮಿದುಳಿನ ಸಾಮಾನ್ಯ ಏರಿಳಿತವೂ ಇರಬಹುದು ಎಂದು 2012ರಲ್ಲಿ ಬೇರೆಯವರು ತೋರಿಸಿದರು. ಜಗಳ ಮುಗಿದಿಲ್ಲ. ಮಣಿಕಟ್ಟು ಅಲ್ಲಾಡಿಸುವುದಕ್ಕೂ ಬದುಕಿನ ತೀರ್ಮಾನಗಳಿಗೂ ಬಹಳ ದೂರವಿದೆ ಎನ್ನುವುದು ನನ್ನ ಅಭಿಪ್ರಾಯ. ಆದರೂ ಆ ಸುಳ್ಳು ನಾನು ಕರೆಯದೆ ಬಂತು ಎನ್ನುವುದು ನನಗೆ ಗೊತ್ತು. ಅದು ನಿಂತದ್ದೂ ಗೊತ್ತು. ಅದನ್ನು ಹೊರಗೆ ಬಿಟ್ಟಿದ್ದರೆ ಡಾಕ್ಟರ್ ಬಹುಶಃ ಇಂಜೆಕ್ಷನ್ ಕೊಡುತ್ತಿದ್ದರು. ಆಮೇಲೆ ಏನಾಗುತ್ತಿತ್ತೋ.

ಅಪ್ಪನನ್ನು ಸ್ಕ್ಯಾನಿಂಗಿಗೆ ಒಯ್ದಾಗ ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಎದುರು ಗೋಡೆಯ ಮೇಲೆ ಒಂದು ಪೋಸ್ಟರ್. ಮುಖ ವಾಲಿದೆಯೇ? ಕೈ ಎತ್ತಲು ಕಷ್ಟವೇ? ಮಾತು ತೊದಲುತ್ತಿದೆಯೇ? ತಡಮಾಡಬೇಡಿ. ಮೂರು ಚಿತ್ರ, ಒಂದು ಗಡಿಯಾರ. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ನಾನು ಕೆಲಸ ಮಾಡುವ ಕಟ್ಟಡದಲ್ಲಿ, ಲಿಫ್ಟಿನ ಪಕ್ಕ, ಅದೇ ಪೋಸ್ಟರ್ ತಿಂಗಳುಗಟ್ಟಲೆ ಇತ್ತು. ದಿನಕ್ಕೆ ಎರಡು ಸಲ ಅದರ ಮುಂದೆ ನಿಂತಿದ್ದೇನೆ. ಕಣ್ಣಿಗೆ ಬಿದ್ದಿತ್ತು. ಓದಿರಲಿಲ್ಲ. ಆಗ ಮೊಬೈಲ್ ನೋಡುತ್ತಿದ್ದೆ.

ಏಳೂಕಾಲಿಗೆ ನನ್ನ ಮುಂದೆ ಎರಡು ದಾರಿ ಇದ್ದವು ಎಂದೇ ಎಲ್ಲರೂ ಮಾತಾಡುತ್ತಾರೆ. ನನಗೆ ಕಂಡದ್ದು ಒಂದೇ. ನಿದ್ದೆಗೆಟ್ಟ ಅಪ್ಪನನ್ನು ಮಲಗಿಸುವುದು. ಇನ್ನೊಂದು ದಾರಿಯನ್ನು ಯಾರೂ ಮುಚ್ಚಿರಲಿಲ್ಲ, ಅಲ್ಲೊಂದು ದಾರಿ ಇದೆ ಎಂದೇ ನನಗೆ ತಿಳಿದಿರಲಿಲ್ಲ. ಹಾಗೆ ನೋಡಿದರೆ ನನ್ನ ಸ್ವಾತಂತ್ರ್ಯ ಇದ್ದದ್ದು ಗುಂಡಿಯ ಹತ್ತಿರವಲ್ಲ, ಲಿಫ್ಟಿನ ಹತ್ತಿರ. ಅದೂ ಸದ್ದು ಮಾಡದೆ, ಇದು ದೊಡ್ಡ ಸಂದರ್ಭ ಎಂದು ಹೇಳದೆ, ದಿನಾ ಬಂದು ಹೋಗುತ್ತಿತ್ತು.

ಗೀತೆಯ 18ನೇ ಅಧ್ಯಾಯ ಇದಕ್ಕೇ ನನಗೆ ಈಗ ಬೇರೆ ತರಹ ಕೇಳಿಸುತ್ತದೆ. 60ನೇ ಶ್ಲೋಕದಲ್ಲಿ ಕೃಷ್ಣ, ನೀನು ಮಾಡುವುದಿಲ್ಲ ಎಂದರೂ ನಿನ್ನ ಸ್ವಭಾವವೇ ನಿನ್ನಿಂದ ಮಾಡಿಸುತ್ತದೆ ಎನ್ನುತ್ತಾನೆ. ಮೂರೇ ಶ್ಲೋಕ ದಾಟಿದರೆ 63ರಲ್ಲಿ, ನಿನಗೆ ಹೇಗೆ ಬೇಕೋ ಹಾಗೆ ಮಾಡು ಎನ್ನುತ್ತಾನೆ. ಮೊದಲೆಲ್ಲ ಇದು ಮಾತು ಬದಲಿಸಿದ ಹಾಗೆ ಕಾಣುತ್ತಿತ್ತು. ಆದರೆ ಆ ಶ್ಲೋಕ ಶುರುವಾಗುವುದೇ ‘ತಿಳಿಯಬೇಕಾದದ್ದನ್ನು ಹೇಳಿದ್ದೇನೆ, ಪೂರ್ತಿ ಯೋಚಿಸಿ ನೋಡು’ ಎಂದು. ‘ಹೇಗೆ ಬೇಕೋ ಹಾಗೆ’ ಬರುವುದು ಅದಾದ ಮೇಲೆ. ಪಂಡಿತರು ಒಪ್ಪುತ್ತಾರೋ ಇಲ್ಲವೋ, ಆ ಪೋಸ್ಟರ್ ನೋಡಿದವನಿಗೆ ಇದು ಹೀಗೇ ಕಾಣುತ್ತದೆ.

ಹಾಗಂತ ಲಿಫ್ಟಿನ ಹತ್ತಿರ ಇದ್ದವನನ್ನು ಹಿಡಿದು ಬೈಯಲೂ ಆಗುವುದಿಲ್ಲ. ಅವನಿಗೆ ಮಾತ್ರ ಏನು ಗೊತ್ತಿತ್ತು? ಓದಬೇಕು ಅಂತ ಅನ್ನಿಸಬೇಕಲ್ಲ ಮೊದಲು. ಹೀಗೆ ಹಿಂದೆ ಹಿಂದೆ ಹೋಗುತ್ತಾ ಇದ್ದರೆ ಕೊನೆಗೆ ಗೋಸಾಲನ ನೂಲಿನ ಉಂಡೆಯೇ ಕೈಗೆ ಬರುತ್ತದೆ. ಅಲ್ಲಿಗೆ ಹೋದಾಗಲೆಲ್ಲ ನಾನು ಎದ್ದು ಬೇರೆ ಏನಾದರೂ ಕೆಲಸ ನೋಡುತ್ತೇನೆ.

ಅಪ್ಪನಿಗೆ ಈ ತಾಪತ್ರಯ ಯಾವುದೂ ಇಲ್ಲ. ಅವರು ನೂರಕ್ಕೆ ನೂರು ಹಣೆಬರಹದವರು. ನನ್ನ ಮೇಲೆ ಒಂದು ದಿನವೂ ಬೇಸರ ಮಾಡಿಕೊಂಡಿಲ್ಲ. “ಬರೆದಿತ್ತು, ಬಂತು” ಎನ್ನುತ್ತಾರೆ, ನಿಧಾನವಾಗಿ, ಒಂದೊಂದೇ ಪದ ಹುಡುಕಿ. ಅಷ್ಟು ಹೇಳಿ ಬಲಗೈಗೆ ಸ್ಪಂಜಿನ ಚೆಂಡು ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಒಂದು ದಿನವೂ ತಪ್ಪಿಸಿಲ್ಲ. ಚೇತರಿಕೆ ಹೆಚ್ಚಾಗಿ ಮೊದಲ ಮೂರರಿಂದ ಆರು ತಿಂಗಳಲ್ಲೇ ಎಂದು ಫಿಸಿಯೋಥೆರಪಿಯವರು ಹೇಳಿದ್ದರು. ಈಗ ಎಂಟನೇ ತಿಂಗಳು. ಅಪ್ಪ ಆ ಮಾತನ್ನು ಕೇಳಿಸಿಕೊಂಡೇ ಇಲ್ಲ ಎನ್ನುವಂತೆ ಇದ್ದಾರೆ.

ಹೋದ ತಿಂಗಳಿಂದ ಕಾಪಿ ಬರೆಯುವುದು ಶುರುವಾಗಿದೆ. ಶಾಲೆಯ ಮಕ್ಕಳ ಗೆರೆ ಹಾಕಿದ ಪುಸ್ತಕ. ದಪ್ಪ ಪೆನ್ಸಿಲಿಗೆ ಬಟ್ಟೆ ಸುತ್ತಿಕೊಟ್ಟಿದ್ದೇನೆ, ಹಿಡಿತ ಸಿಗಲಿ ಎಂದು. ಒಂದು ಕಾಲದಲ್ಲಿ ಅವರ ಕೈಬರಹ ಅಚ್ಚು ಹಾಕಿದಂತಿತ್ತು. ಈಗ ‘ರ’ ಬರೆದರೆ ಮೊಟ್ಟೆ ಉರುಳಿದಂತಿರುತ್ತದೆ. ‘ಳ’ದ ತಿರುವಿಗೆ ಬಂದಾಗ ಪೆನ್ಸಿಲ್ ಗೆರೆ ದಾಟಿ ಓಡುತ್ತದೆ. ಅಳಿಸುತ್ತಾರೆ. ಮತ್ತೆ ಬರೆಯುತ್ತಾರೆ. ಅಳಿಸಿ ಅಳಿಸಿ ಒಂದು ಕಡೆ ಕಾಗದ ಹರಿದಿದೆ.

ನಿನ್ನೆ ಕೇಳಿಯೇಬಿಟ್ಟೆ. “ಎಲ್ಲ ಹಣೇಲಿ ಬರೆದಿದೆ ಅಂತೀರಿ. ಮತ್ತೆ ಇದ್ಯಾಕಪ್ಪ ಇಷ್ಟು ಒದ್ದಾಟ?”

ಪೆನ್ಸಿಲ್ ಎತ್ತದೆ, ತಲೆಯನ್ನೂ ಎತ್ತದೆ ಹೇಳಿದರು. “ಕೈ ಬರುತ್ತೆ ಅಂತ... ಬರೆದಿದ್ರೆ? ನಾನು ಸುಮ್ನೆ ಕೂತ್ರೆ... ತಪ್ಪಾಗಲ್ವಾ?”

ಕ್ರಿಸಿಪ್ಪಸ್‌ನ ಹೆಸರನ್ನೂ ಕೇಳದ ಮನುಷ್ಯ. ನಾನು ಅಲ್ಲೇ ನಿಂತೆ. ಅವರು ಮುಂದಿನ ಗೆರೆಗೆ ಹೋದರು. ಒಂದು ‘ಳ’ ಅರ್ಧ ಬಂತು, ನಿಂತಿತು. ಕೈ ಸಣ್ಣಗೆ ಅದುರುತ್ತಿತ್ತು. ನನ್ನ ಕೈ ತಾನಾಗಿಯೇ ಪೆನ್ಸಿಲಿನ ಕಡೆ ಹೋಯಿತು, ಅವತ್ತು ಗುಂಡಿಯ ಕಡೆ ಹೋದ ಹಾಗೆ. ಹಿಂದಕ್ಕೆ ತೆಗೆದುಕೊಂಡೆ.

“ನೀನು ಆ ಕಡೆ ಹೋಗು” ಎಂದರು ಅಪ್ಪ. “ನೋಡ್ತಾ ನಿಂತ್ರೆ ಕೈ ನಡುಗುತ್ತೆ.”